ಸಿಗಡಿಯ ಬಣ್ಣ ಬದಲಾಗುವುದೇಕೆ? – ಒಂದು ಹುಡುಕಾಟದ ಚರಿತ್ರೆ



ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ ಇರಲಿ, ಚೆನ್ನೈನ ಕೊಳತ್ತೂರು ಇರಲಿ, ಅಕ್ವೇರಿಯಂ ಅಂಗಡಿಗೆ ಹೋದರೆ ಮೀನುಗಳ ಪಕ್ಕದಲ್ಲೇ ಎರಡು ಮೂರು ಸೆಂಟಿಮೀಟರ್ ಉದ್ದದ ಪುಟ್ಟ ಸಿಗಡಿಗಳನ್ನೂ ಕಾಣಬಹುದು. ಚೆರ್ರಿ ಹಣ್ಣಿನಂಥ ಕೆಂಪು, ಹಳದಿ, ನೀಲಿ, ಕೆಂಪು-ಬಿಳಿ ಪಟ್ಟೆ – ಬಣ್ಣಕ್ಕೇನೂ ಬರವಿಲ್ಲ. ನಮ್ಮಲ್ಲಿ ಕೆಲವರು ಇದನ್ನು ಸಿಗಡಿ ಎನ್ನುತ್ತೇವೆ, ಕುಂದಾಪುರದ ಕಡೆಯವರು ಚಟ್ಲಿ ಎನ್ನುತ್ತಾರೆ, ತುಳುವರಿಗೆ ಇದು ಎಟ್ಟಿ, ಮುಂಬಯಿ ಪೇಟೆಯಲ್ಲಿ ಕೋಳಂಬಿ. ಹೆಸರು ಯಾವುದಾದರೂ ನಮಗೆ ಅದರ ಪರಿಚಯ ಹೆಚ್ಚಾಗಿ ಅಡುಗೆಮನೆಯಲ್ಲೇ! ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸ ನಮ್ಮ ಮನೆಗಳಿಗೆ ತೀರ ಹೊಸದು.

ಆಸೆಪಟ್ಟು ಕೆಂಪು ಸಿಗಡಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ತಂದು ತೊಟ್ಟಿಗೆ ಬಿಟ್ಟರೆ, ಅರ್ಧ ಗಂಟೆಯಲ್ಲಿ ಅವು ಬಿಳಚಿಕೊಂಡು ಗಾಜಿನಂತಾಗಿಬಿಡುವುದುಂಟು. ‘ಅಂಗಡಿಯವನು ಬಣ್ಣ ಬಳಿದು ಕೊಟ್ಟನೇ?’ ಎಂಬ ಅನುಮಾನ ಮೊದಲು. ‘ರೋಗ ಬಂತೇ?’ ಎಂಬ ಗಾಬರಿ ಆಮೇಲೆ. ಗಾಬರಿಯಲ್ಲಿ ಮೀನಿನ ಔಷಧಿ ಸುರಿಯುತ್ತೇವೆ. ಬಣ್ಣ ಕಳೆದುಕೊಂಡಿದ್ದ ಸಿಗಡಿ ಪ್ರಾಣವನ್ನೂ ಕಳೆದುಕೊಳ್ಳುತ್ತದೆ.

ಈ ಬಣ್ಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಚಿಕ್ಕ ಪ್ರಶ್ನೆಯಂತೆ ಕಾಣುವ ಇದಕ್ಕೆ ಉತ್ತರ ಹುಡುಕಲು ವಿಜ್ಞಾನಿಗಳು ನೂರಕ್ಕೂ ಹೆಚ್ಚು ವರ್ಷ ದುಡಿದಿದ್ದಾರೆ. ಬನ್ನಿ, ಆ ಕಥೆಯನ್ನು ಮೊದಲಿನಿಂದ ನೋಡೋಣ.

ಕಣ್ಣಿಗೂ ಬಣ್ಣಕ್ಕೂ ನಂಟು

ಸಿಗಡಿ ಬಣ್ಣ ಬದಲಿಸುತ್ತದೆ ಎಂದು ಮೊದಲು ಬರೆದಿಟ್ಟವರಲ್ಲಿ ಡೆನ್ಮಾರ್ಕಿನ ಪ್ರಾಣಿಶಾಸ್ತ್ರಜ್ಞ ಹೆನ್ರಿಕ್ ಕ್ರೋಯರ್ ಪ್ರಮುಖರು. ಹಿಪ್ಪೊಲೈಟ್ ಎಂಬ ಸಣ್ಣ ಸಮುದ್ರ ಸಿಗಡಿಯಲ್ಲಿ ಇದನ್ನು ಗಮನಿಸಿ 1842ರಲ್ಲಿ ಅವರು ದಾಖಲಿಸಿದರು. ಇವರು ತಮ್ಮ ಮನೆಯಲ್ಲಿ ಸಾಕಿ ಬೆಳೆಸಿದ ಹುಡುಗ ಪೀಟರ್ ಸೆವರಿನ್ ಕ್ರೋಯರ್ ಮುಂದೆ ಡೆನ್ಮಾರ್ಕಿನ ಹೆಸರಾಂತ ಚಿತ್ರಕಾರನಾದ. ಒಂದೇ ಮನೆಯಲ್ಲಿ ಒಬ್ಬರು ಜೀವಿಯ ಬಣ್ಣ ನೋಡಿದರು, ಇನ್ನೊಬ್ಬರು ಬಣ್ಣದಲ್ಲಿ ಜೀವ ತುಂಬಿದರು!

ಕ್ರೋಯರ್ ನೋಡಿ ಬರೆದರು. ‘ಹೇಗೆ?’ ಎಂದು ಪರೀಕ್ಷೆಗಿಳಿದವರು ಫ್ರಾನ್ಸಿನ ಜಾರ್ಜ್ ಪೂಶೆ. 1870ರ ದಶಕದಲ್ಲಿ ಅವರು ಸಿಗಡಿಗಳನ್ನು ಬಿಳಿ ಪಾತ್ರೆಯಲ್ಲೂ ಕಪ್ಪು ಪಾತ್ರೆಯಲ್ಲೂ ಇಟ್ಟು ನೋಡಿದರು. ಬಿಳಿ ತಳದ ಮೇಲೆ ಸಿಗಡಿ ಬಿಳಚಿಕೊಂಡಿತು, ಕಪ್ಪು ತಳದ ಮೇಲೆ ಗಾಢವಾಯಿತು. ಆಮೇಲೆ ಅವರು ಸಿಗಡಿಯ ಕಣ್ಣುಗಳನ್ನು ತೆಗೆದುಬಿಟ್ಟರು. ಈಗ ಪಾತ್ರೆ ಬದಲಾದರೂ ಸಿಗಡಿಯ ಬಣ್ಣ ಬದಲಾಗಲಿಲ್ಲ. ಅದು ಗಾಢವಾಗಿಯೇ ಉಳಿಯಿತು. ಅಂದರೆ ಸಿಗಡಿ ತಳವನ್ನು ಕಣ್ಣಿಂದ ನೋಡಿ, ಅದಕ್ಕೆ ತಕ್ಕಂತೆ ಬಣ್ಣ ಹೊಂದಿಸಿಕೊಳ್ಳುತ್ತದೆ ಎಂದಾಯಿತು.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಣ್ಣದ ಗುಟ್ಟು ಇನ್ನಷ್ಟು ಸ್ಪಷ್ಟ. ಸಿಗಡಿಯ ಚಿಪ್ಪು ಬಹುಮಟ್ಟಿಗೆ ಪಾರದರ್ಶಕ. ಬಣ್ಣ ಇರುವುದು ಅದರಡಿಯ ಚರ್ಮದಲ್ಲಿ ಹರಡಿಕೊಂಡ ವರ್ಣಕೋಶಗಳಲ್ಲಿ. ಒಂದೊಂದು ವರ್ಣಕೋಶವೂ ಜೇಡನ ಹಾಗೆ ಸುತ್ತಲೂ ಕೈಚಾಚಿಕೊಂಡಿರುತ್ತದೆ. ಒಳಗಿನ ಬಣ್ಣದ ಕಣಗಳು ಆ ಕೈಗಳ ತುದಿಯವರೆಗೆ ಹರಡಿದರೆ ಸಿಗಡಿ ಬಣ್ಣಬಣ್ಣವಾಗಿ ಕಾಣುತ್ತದೆ. ಅವೆಲ್ಲ ನಡುವಿಗೆ ಬಂದು ಚುಕ್ಕೆಯಾಗಿ ಮುದುಡಿದರೆ ಮೈ ಗಾಜಿನಂತೆ ಕಾಣುತ್ತದೆ. ಬಣ್ಣ ಎಲ್ಲೂ ಹೋಗಿರುವುದಿಲ್ಲ. ಅಂಗಳದಲ್ಲಿ ಹರಡಿದ್ದ ಜನ ಜಗಲಿಯ ಮೂಲೆಗೆ ಬಂದು ಕೂತ ಹಾಗೆ, ಅಷ್ಟೆ.

ರಾತ್ರಿಯ ನೀಲಿ ಸೀರೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರೆಡರಿಕ್ ಕೀಬಲ್ ಮತ್ತು ಎಫ್. ಡಬ್ಲ್ಯು. ಗ್ಯಾಂಬಲ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು ಹಿಪ್ಪೊಲೈಟ್ ಸಿಗಡಿಯ ಹಿಂದೆ ಬಿದ್ದರು. ಇಂಗ್ಲೆಂಡಿನ ಲ್ಯಾಂಕಶೈರ್ ಕರಾವಳಿಯಲ್ಲೂ ಫ್ರಾನ್ಸಿನ ಬ್ರಿಟನಿ ತೀರದ ತ್ರೆಗಾಸ್ತೆಲ್‌ನಲ್ಲೂ ಅವರ ಕೆಲಸ ನಡೆಯಿತು. ಈ ಸಿಗಡಿ ಹಗಲು ಹೊತ್ತು ತಾನಿರುವ ಸಮುದ್ರಪಾಚಿಯ ಬಣ್ಣದಲ್ಲೇ ಇರುತ್ತದೆ – ಹಸಿರು ಪಾಚಿಯಲ್ಲಿ ಹಸಿರು, ಕಂದು ಪಾಚಿಯಲ್ಲಿ ಕಂದು, ಕೆಂಪಿನಲ್ಲಿ ಕೆಂಪು. ಆದರೆ ರಾತ್ರಿಯಾದರೆ? ಹಗಲಿನ ಬಣ್ಣ ಯಾವುದೇ ಆಗಿರಲಿ, ಎಲ್ಲವೂ ಒಂದೇ ತೆರನಾದ ಪಾರದರ್ಶಕ ನೀಲಿಯಾಗುತ್ತವೆ! ಕೆಲಸ ಮುಗಿಸಿ ಬಂದ ಹೆಂಗಸರೆಲ್ಲ ಒಂದೇ ಬಗೆಯ ಮನೆಸೀರೆ ಉಟ್ಟಂತೆ.

ಬೆಳಕೇ ಬೀಳದ ಕತ್ತಲೆಯಲ್ಲಿ ಇಟ್ಟಾಗಲೂ ಕೆಲ ಕಾಲ ಈ ಹಗಲು-ರಾತ್ರಿಯ ಲಯ ಮುಂದುವರಿಯುತ್ತದೆ ಎಂಬುದನ್ನೂ ಅವರು ಕಂಡರು. ಸಿಗಡಿಯೊಳಗೆ ಒಂದು ಗಡಿಯಾರವಿದೆ ಎಂಬುದರ ಸೂಚನೆ ಅದು. ಹೀಗಾಗಿ ರಾತ್ರಿ ದೀಪ ಹಾಕಿದ ಕೂಡಲೇ ನಿಮ್ಮ ತೊಟ್ಟಿಯ ಸಿಗಡಿ ಬೇರೆಯೇ ಬಣ್ಣದಲ್ಲಿ ಕಂಡರೆ ಬೆಚ್ಚಬೇಕಾಗಿಲ್ಲ.

ಕೀಬಲ್–ಗ್ಯಾಂಬಲ್ ಜೋಡಿಯ ದೊಡ್ಡ ವರದಿಗಳಲ್ಲೊಂದು ಪ್ರಕಟವಾದದ್ದು 1904ರಲ್ಲಿ. ಕಾಕತಾಳೀಯವೆಂಬಂತೆ ಅದೇ ವರ್ಷ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಬೂವಿಯೆ, ಚೀನಾದ ಸಿಹಿನೀರಿನ ಒಂದು ಕಂದುಬಣ್ಣದ ಪುಟ್ಟ ಸಿಗಡಿಗೆ ಅರ್ಮಾಂ ದಾವೀದ್ ಎಂಬ ಪಾದ್ರಿ-ನಿಸರ್ಗತಜ್ಞರ ಹೆಸರಿಟ್ಟರು. ನಿಯೋಕ್ಯಾರಿಡಿನಾ ದಾವೀದಿ ಎಂದು ಇಂದು ಕರೆಸಿಕೊಳ್ಳುವ ಅದೇ ಸಿಗಡಿ, ಸುಮಾರು ನೂರು ವರ್ಷಗಳ ನಂತರ ‘ಚೆರ್ರಿ ಸಿಗಡಿ’ಯಾಗಿ ಲೋಕವೆಲ್ಲ ಸುತ್ತಲಿತ್ತು. ಅದರ ಮಾತು ಮುಂದೆ ಬರುತ್ತದೆ.

ನರವೋ, ರಕ್ತವೋ?

ಕಣ್ಣು ನೋಡುತ್ತದೆ, ಚರ್ಮ ಬದಲಾಗುತ್ತದೆ ಸರಿ. ನಡುವೆ ಸುದ್ದಿ ಒಯ್ಯುವವರು ಯಾರು? ನರಗಳೇ ಇರಬೇಕು ಎಂದು ಅಂದಾಜು ಮಾಡುವುದು ಸುಲಭ. ಆದರೆ 1920ರ ದಶಕದಲ್ಲಿ ಜರ್ಮನಿಯ ಕೋಲರ್ ಎಂಬ ವಿಜ್ಞಾನಿ ಒಂದು ಸರಳ ಪ್ರಯೋಗ ಮಾಡಿದರು. ಕಪ್ಪು ತಳದಲ್ಲಿಟ್ಟ ಗಾಢ ಬಣ್ಣದ ಸಿಗಡಿಯ ರಕ್ತವನ್ನು ತೆಗೆದು, ಬಿಳಿ ತಳದಲ್ಲಿದ್ದ ಬಿಳಚಿದ ಸಿಗಡಿಗೆ ಚುಚ್ಚಿದರು. ಬಿಳಿ ತಳದಲ್ಲೇ ಇದ್ದರೂ ಅದು ಗಾಢವಾಯಿತು! ಸುದ್ದಿ ರಕ್ತದಲ್ಲೇ ಹರಿಯುತ್ತಿತ್ತು.

1928ರಲ್ಲಿ ಅಮೆರಿಕದ ಅರ್ಲ್ ಪರ್ಕಿನ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಪಾಲೆಮೊನೆಟಿಸ್ ಎಂಬ ಸಿಗಡಿಯಲ್ಲಿ ನರ ಕತ್ತರಿಸಿ ನೋಡಿದರು. ಬಣ್ಣ ಬದಲಾಗುವುದು ನಿಲ್ಲಲಿಲ್ಲ. ಬೆನ್ನಿನ ರಕ್ತನಾಳವನ್ನು ತಡೆದು ನೋಡಿದರು. ರಕ್ತ ತಲುಪದ ಭಾಗದಲ್ಲಿ ಬದಲಾವಣೆ ನಿಂತುಹೋಯಿತು. ಸಿಗಡಿಯ ಕಣ್ಣುಗಳು ಒಂದೊಂದು ತೊಟ್ಟಿನ ತುದಿಯಲ್ಲಿ ಇರುವುದನ್ನು ನೀವು ನೋಡಿರಬಹುದು. ಆ ತೊಟ್ಟುಗಳನ್ನು ಅರೆದು ತೆಗೆದ ಸಾರವನ್ನು ಗಾಢ ಬಣ್ಣದ ಸಿಗಡಿಗೆ ಚುಚ್ಚಿದಾಗ ಅದು ಬಿಳಚಿಕೊಂಡಿತು. ಅಲ್ಲಿಗೆ ಕಣ್ಣಿನ ತೊಟ್ಟು ಬರೀ ತೊಟ್ಟಲ್ಲ, ಅದೊಂದು ಹಾರ್ಮೋನಿನ ಕೋಠಿ ಎಂದು ತಿಳಿಯಿತು. ಪೂಶೆ ಕಣ್ಣು ತೆಗೆದಾಗ ಸಿಗಡಿ ಕುರುಡಾಗಿದ್ದಷ್ಟೇ ಅಲ್ಲ, ಆ ಕೋಠಿಯನ್ನೂ ಕಳೆದುಕೊಂಡಿತ್ತು!

ನಂತರ ಕೆಲಸ ಬಿರುಸಾಯಿತು. 1930ರ ದಶಕದಲ್ಲಿ ಸ್ವೀಡನ್ನಿನ ಬರ್ಟಿಲ್ ಹ್ಯಾನ್‌ಸ್ಟ್ರಮ್ ಕಣ್ಣಿನ ತೊಟ್ಟಿನೊಳಗೆ ‘ಸೈನಸ್ ಗ್ರಂಥಿ’ಯನ್ನು ಗುರುತಿಸಿದರು. ಅದೇ ದಶಕದಲ್ಲಿ ಅಮೆರಿಕದ ಫ್ರ್ಯಾಂಕ್ ಬ್ರೌನ್, ಸಿಗಡಿಯಲ್ಲಿ ಕೆಂಪು, ಹಳದಿ, ನೀಲಿ, ಬಿಳಿ ಎಂಬ ನಾಲ್ಕು ಬಣ್ಣಗಳಿದ್ದು ಅವು ಬೇರೆಬೇರೆಯಾಗಿ ಹರಡಬಲ್ಲವು, ಮುದುಡಬಲ್ಲವು ಎಂದು ತೋರಿಸಿದರು. ಒಂದೇ ಹಾರ್ಮೋನಿನಿಂದ ಇಷ್ಟೆಲ್ಲ ಆಗುವುದು ಕಷ್ಟ ಎಂಬುದು ಅವರ ವಾದ. 1950ರ ದಶಕದ ಆರಂಭದಲ್ಲಿ ಡೊರೊಥಿ ಬ್ಲಿಸ್, ಎಲ್. ಎಂ. ಪಾಸಾನೊ ಮೊದಲಾದವರ ಕೆಲಸದಿಂದ ಇನ್ನೊಂದು ಸಂಗತಿ ಹೊರಬಿತ್ತು: ಹಾರ್ಮೋನನ್ನು ತಯಾರಿಸುವುದು ನರಕೋಶಗಳೇ, ಸೈನಸ್ ಗ್ರಂಥಿ ಅದನ್ನು ಕೂಡಿಟ್ಟು ರಕ್ತಕ್ಕೆ ಬಿಡುವ ಉಗ್ರಾಣ ಮಾತ್ರ. ನರವೋ ರಕ್ತವೋ ಎಂಬ ಜಗಳಕ್ಕೆ ರಾಜಿಯಾದದ್ದು ಹೀಗೆ: ಹೊರಡಿಸುವುದು ನರ, ಹೊತ್ತೊಯ್ಯುವುದು ರಕ್ತ.

ಎಂಟು ಮಣಿಯ ಸರ

ಆ ಹಾರ್ಮೋನು ನಿಜಕ್ಕೂ ಏನು? 1972ರಲ್ಲಿ ಸ್ವೀಡನ್ನಿನ ಪೆರ್ ಫರ್ನ್‌ಲುಂಡ್ ಮತ್ತು ಲಾರ್ಸ್ ಯೋಸೆಫ್ಸನ್ ಉತ್ತರ ಕೊಟ್ಟರು. ಉತ್ತರ ಅಟ್ಲಾಂಟಿಕ್‌ನ ಸಿಗಡಿಗಳ ಕಣ್ಣಿನ ತೊಟ್ಟುಗಳಿಂದ ಅದನ್ನು ಶುದ್ಧರೂಪದಲ್ಲಿ ತೆಗೆದು, ಅದು ಕೇವಲ ಎಂಟು ಅಮೈನೋ ಆಮ್ಲಗಳ ಸರ ಎಂದು ತೋರಿಸಿ, ಪ್ರಯೋಗಾಲಯದಲ್ಲಿ ಅದನ್ನೇ ಕೃತಕವಾಗಿಯೂ ತಯಾರಿಸಿದರು. ಕೆಂಪು ಬಣ್ಣದ ಕಣಗಳನ್ನು ನಡುವಿಗೆ ಕರೆದು ಕೂರಿಸುವುದು ಅದರ ಕೆಲಸ. ಬಣ್ಣವನ್ನು ಹರಡುವ ಇನ್ನೊಂದು ಹಾರ್ಮೋನಿನ ರಚನೆಯೂ 1976ರಲ್ಲಿ ಫರ್ನ್‌ಲುಂಡ್ ಅವರಿಂದಲೇ ಬಂತು. ಅದು ಹದಿನೆಂಟು ಅಮೈನೋ ಆಮ್ಲಗಳ ಸರ.

ಸ್ವಾರಸ್ಯ ಇಲ್ಲಿಗೇ ಮುಗಿಯಲಿಲ್ಲ. ಸಿಗಡಿಯ ಕೆಂಪು ಮುದುಡಿಸುವ ಹಾರ್ಮೋನಿಗೆ ಹತ್ತಿರದ ನೆಂಟ ಸಿಕ್ಕಿದ್ದು ಮಿಡತೆಯಲ್ಲಿ! ದೂರ ಹಾರುವಾಗ ಮೈಯ ಕೊಬ್ಬನ್ನು ಕರಗಿಸಿ ಶಕ್ತಿ ಒದಗಿಸುವ ಹಾರ್ಮೋನು ಅದು. ಬಣ್ಣ ಹರಡುವ ಹಾರ್ಮೋನಿನ ನೆಂಟ, ಬಾಳೆಹಣ್ಣಿಗೆ ಮುತ್ತುವ ಹಣ್ಣುನೊಣದ ಮಿದುಳಿನಲ್ಲಿ ಹಗಲು-ರಾತ್ರಿಯ ಗಡಿಯಾರದ ಕೆಲಸಕ್ಕೆ ಬೇಕಾದದ್ದು. ಕೀಬಲ್, ಗ್ಯಾಂಬಲ್ ಕಂಡ ರಾತ್ರಿಯ ನೀಲಿಗೂ ನೊಣದ ನಿದ್ದೆಗೂ ಹೀಗೊಂದು ದೂರದ ಸಂಬಂಧ.

ಈ ಚರಿತ್ರೆಯಲ್ಲಿ ನಮ್ಮ ನೆಲದ ಪುಟವೂ ಇದೆ. ಇಲ್ಲಿಯವರೆಗೆ ನೋಡಿದ್ದೆಲ್ಲ ಹೆಚ್ಚಾಗಿ ಸಮುದ್ರದ, ಉಪ್ಪುನೀರಿನ ಸಿಗಡಿಗಳು. ಆಗಿನ ಔರಂಗಾಬಾದಿನ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದ ಮರಾಠವಾಡಾ ವಿಶ್ವವಿದ್ಯಾನಿಲಯದಲ್ಲಿ ಆರ್. ನಾಗಭೂಷಣಂ ಮತ್ತು ಅವರ ಸಹೋದ್ಯೋಗಿಗಳು ಕ್ಯಾರಿಡಿನಾ ವೆಬರಿ ಎಂಬ ಸಿಹಿನೀರಿನ ಪುಟ್ಟ ಸಿಗಡಿಯನ್ನು ಅಭ್ಯಾಸಕ್ಕೆ ಎತ್ತಿಕೊಂಡರು. ಅದರ ಪೊರೆ ಕಳಚುವಿಕೆ ಮತ್ತು ಬಣ್ಣ ಬದಲಾವಣೆ ಕುರಿತ ಅವರ ಪ್ರಬಂಧ 1971ರಲ್ಲಿ ಬಂತು. ಇಂದು ಅಕ್ವೇರಿಯಂಗಳಲ್ಲಿ ಮೆರೆಯುವ ಪಟ್ಟೆ ಸಿಗಡಿಗಳು ಇದೇ ಕ್ಯಾರಿಡಿನಾ ಕುಲದವು. ಮುಂದೆ ಬ್ರೆಜಿಲ್‌ನಲ್ಲಿ ಜಾನ್ ಮ್ಯಾಕ್‌ನಮಾರಾ ಅವರ ತಂಡ ಸಿಹಿನೀರಿನ ಸಿಗಡಿಗಳ ವರ್ಣಕೋಶದೊಳಗೇ ಇಣುಕಿ, ಹಾರ್ಮೋನು ತಾಕಿದಾಗ ಬಣ್ಣದ ಕಣಗಳನ್ನು ಎಳೆದೊಯ್ಯುವ ಪ್ರೋಟೀನುಗಳ ಕೆಲಸವನ್ನು ಬಿಡಿಸಿಟ್ಟಿತು.

ಬಾಣಲೆಯ ಕೆಂಪು

ಇದೆಲ್ಲ ನಿಮಿಷ, ಗಂಟೆಗಳಲ್ಲಿ ಆಗುವ ಬದಲಾವಣೆ. ವಾರ, ತಿಂಗಳುಗಳಲ್ಲಿ ಆಗುವ ಬದಲಾವಣೆ ಬೇರೆ. ಅದನ್ನು ತಿಳಿಯಲು ಅಡುಗೆಮನೆಗೇ ಹೋಗಬೇಕು. ಬೂದುಬಣ್ಣದ ಸಿಗಡಿಯನ್ನು ಬಾಣಲೆಗೆ ಹಾಕಿದರೆ ಕೆಂಪಾಗುವುದೇಕೆ?

ಸಿಗಡಿಯ ಕೆಂಪಿನ ಮೂಲ ಅಸ್ಟಾಝ್ಯಾಂಥಿನ್ ಎಂಬ ವಸ್ತು. ಕ್ಯಾರೆಟ್ಟಿನ ಬಣ್ಣದ ಜಾತಿಯದೇ. ಜರ್ಮನಿಯ ರಿಚರ್ಡ್ ಕೂನ್ ಮತ್ತು ಸಂಗಡಿಗರು 1938ರಲ್ಲಿ ಅದರ ಸ್ವರೂಪ ತಿಳಿಸಿದರು. ಇದು ಪ್ರೋಟೀನಿನ ಜೊತೆ ಬೆಸೆದುಕೊಂಡಾಗ ಕೆಂಪಾಗಿ ಕಾಣದೆ ನೀಲಿಯಾಗಿ ಕಾಣುತ್ತದೆ. ಲಾಬ್‌ಸ್ಟರಿನ ಚಿಪ್ಪಿನಲ್ಲಿರುವ ಅಂಥ ನೀಲಿ ಪ್ರೋಟೀನನ್ನು ಅಮೆರಿಕದ ಜಾರ್ಜ್ ವಾಲ್ಡ್ ತಂಡ 1948ರಲ್ಲಿ ಕ್ರಸ್ಟಾಸಯನಿನ್ ಎಂದು ಹೆಸರಿಸಿತು. ಪೀಟರ್ ಝಗಾಲ್‌ಸ್ಕಿ, ಜಾನ್ ಹೆಲಿವೆಲ್ ಮೊದಲಾದವರಿದ್ದ ಬ್ರಿಟನ್ನಿನ ತಂಡ ಆ ಬೆಸುಗೆಯ ಚಿತ್ರವನ್ನು ಅಣುಮಟ್ಟದಲ್ಲಿ ಬಿಡಿಸಿದ್ದು 2002ರಲ್ಲಿ. ಕಾಯಿಸಿದಾಗ ಪ್ರೋಟೀನು ಕೆಡುತ್ತದೆ, ಬೆಸುಗೆ ಬಿಡುತ್ತದೆ, ಅಡಗಿದ್ದ ಕೆಂಪು ಹೊರಬರುತ್ತದೆ. ಬೆಂಕಿ ಹೊಸ ಬಣ್ಣವನ್ನೇನೂ ಕೊಡುವುದಿಲ್ಲ.

ಮುಖ್ಯ ಮಾತೆಂದರೆ, ಈ ಬಣ್ಣದ ಮೂಲವಸ್ತುವನ್ನು ಸಿಗಡಿ ತಾನಾಗಿ ತಯಾರಿಸಲಾರದು. ಪಾಚಿಯಂಥ ಆಹಾರದಿಂದ ಪಡೆದು ತನಗೆ ಬೇಕಾದಂತೆ ಮಾರ್ಪಡಿಸಿಕೊಳ್ಳಬೇಕು. ತಿಂಗಳುಗಟ್ಟಲೆ ಬಡ ಆಹಾರ ಸಿಕ್ಕಿದರೆ ಕೆಂಪು ಸಿಗಡಿ ಮೆಲ್ಲಗೆ ಮಂಕಾಗುತ್ತದೆ. ಉಣ್ಣುವುದು ಮೈಯಲ್ಲಿ ಕಾಣುತ್ತದೆ ಎನ್ನುವುದು ಇಲ್ಲಿ ಅಕ್ಷರಶಃ ನಿಜ.

ತೊಟ್ಟಿಗೆ ಬಂದ ಬಣ್ಣ

ಇಷ್ಟೆಲ್ಲ ಸಂಶೋಧನೆ ನಡೆದರೂ ಮನೆಯ ತೊಟ್ಟಿಗೆ ಸಿಗಡಿ ಬಂದದ್ದು ಬಣ್ಣಕ್ಕಾಗಿ ಅಲ್ಲ, ಕೂಲಿಗಾಗಿ! ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ (1954–2015) ನೀರೊಳಗೆ ಗಿಡಗಳ ತೋಟ ಕಟ್ಟುವ ಕಲೆಗೆ ಹೆಸರಾದವರು. 1980ರ ದಶಕದಲ್ಲಿ ಅವರು ಪಾಚಿ ತಿನ್ನಲೆಂದು ಒಂದು ಜಾತಿಯ ಸಿಗಡಿಯನ್ನು ತೊಟ್ಟಿಗೆ ಬಿಡತೊಡಗಿದರು. ಅದಕ್ಕೀಗ ಅವರದೇ ಹೆಸರು – ಅಮಾನೊ ಸಿಗಡಿ. ನೋಡಲು ಗಾಜಿನ ಮೇಲೆ ಚುಕ್ಕೆ ಇಟ್ಟಂತೆ, ಅಷ್ಟೆ.

ಬಣ್ಣದ ಹುಚ್ಚು ಹತ್ತಿದ್ದು 1990ರ ದಶಕದಲ್ಲಿ. ಜಪಾನಿನ ಹಿಸಾಯಾಸು ಸುಝುಕಿ ಎಂಬವರು ಸಾಕಿದ್ದ ಕಪ್ಪು-ಬಿಳಿ ಪಟ್ಟೆಯ ‘ಬೀ’ ಸಿಗಡಿಗಳಲ್ಲಿ ಒಂದು ಮರಿ ಕಪ್ಪಿನ ಬದಲು ಕೆಂಪು ಪಟ್ಟೆ ಹೊತ್ತು ಹುಟ್ಟಿತು. ಅದನ್ನು ಬಿಡದೆ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದಾಗ ‘ಕ್ರಿಸ್ಟಲ್ ರೆಡ್’ ತಳಿಯಾಯಿತು. ಇತ್ತ ಬೂವಿಯೆ ಹೆಸರಿಟ್ಟ ಕಂದು ಸಿಗಡಿಯಿಂದ ಕೆಂಪು, ಆಮೇಲೆ ಹಳದಿ, ಕಿತ್ತಳೆ, ನೀಲಿ ತಳಿಗಳು ಬಂದವು. ತಮಾಷೆಯೆಂದರೆ, ಬೀ ಸಿಗಡಿಗಳಲ್ಲಿ ಹಾಂಕಾಂಗಿನ ಒಂದು ಜಾತಿಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದು 2014ರಲ್ಲಿ. ಅದಾಗಲೇ ಅಂಥ ಸಿಗಡಿಗಳು ಲೋಕದ ಅಂಗಡಿಗಳಲ್ಲೆಲ್ಲ ಮಾರಾಟವಾಗುತ್ತಿದ್ದವು!

ಆದರೆ ಮನುಷ್ಯ ಆರಿಸಿದ್ದು ಬಣ್ಣದ ಪ್ರಮಾಣವನ್ನು ಮಾತ್ರ. ಹಳೆಯ ಹಾರ್ಮೋನು ಹಾಗೇ ಇದೆ, ಹಳೆಯ ಕಣ್ಣೂ ಹಾಗೇ ಇದೆ. ಬಿಳಿ ಮರಳಿನ ಮೇಲೆ ಬಿಟ್ಟರೆ ಚೆರ್ರಿ ಸಿಗಡಿ ಇಂದಿಗೂ ಬಿಳಚಿಕೊಳ್ಳುತ್ತದೆ, ಕಪ್ಪು ಮಣ್ಣಿನ ಮೇಲೆ ಗಾಢವಾಗುತ್ತದೆ. ಹಲವು ಬಣ್ಣದವನ್ನು ಒಂದೇ ತೊಟ್ಟಿಯಲ್ಲಿ ಬೆರೆಸಿ ಬಿಟ್ಟರೆ ಕೆಲವೇ ತಲೆಮಾರುಗಳಲ್ಲಿ ಮರಿಗಳು ಅಜ್ಜಿಯ ಕಂದುಬಣ್ಣಕ್ಕೇ ಹಿಂದಿರುಗುತ್ತವೆ.

ತಿಳಿವಳಿಕೆಯ ಬೆಲೆ

ಈ ಕಥೆಗೆ ಇನ್ನೊಂದು ಮುಖವೂ ಇದೆ. ಕಣ್ಣಿನ ತೊಟ್ಟು ಬಣ್ಣವನ್ನಷ್ಟೇ ಅಲ್ಲ, ಪೊರೆ ಕಳಚುವುದನ್ನೂ ಮೊಟ್ಟೆ ಬೆಳೆಯುವುದನ್ನೂ ಹತೋಟಿಯಲ್ಲಿಡುತ್ತದೆ. ತೊಟ್ಟು ತೆಗೆದರೆ ಹೆಣ್ಣು ಸಿಗಡಿಯ ಅಂಡಾಶಯ ಬೇಗ ಬಲಿಯುತ್ತದೆ ಎಂದು ಫ್ರಾನ್ಸಿನ ಪಾನೂಸ್ 1943ರಲ್ಲಿ ತೋರಿಸಿದರು. ಆ ತಿಳಿವಳಿಕೆ 1970ರ ದಶಕದಿಂದ ಸಮುದ್ರ ಸಿಗಡಿಯ ಮರಿ ಉತ್ಪಾದನಾ ಕೇಂದ್ರಗಳಿಗೆ ಇಳಿಯಿತು. ತಾಯಿ ಸಿಗಡಿಯ ಒಂದು ಕಣ್ಣಿನ ತೊಟ್ಟನ್ನು ಹಿಸುಕಿಯೋ ಕತ್ತರಿಸಿಯೋ ಬೇಗ ಮೊಟ್ಟೆ ಇಡಿಸುವ ಪದ್ಧತಿ ನಮ್ಮ ಪೂರ್ವ ಕರಾವಳಿಯೂ ಸೇರಿ ಹಲವು ದೇಶಗಳಲ್ಲಿ ರೂಢಿಗೆ ಬಂತು. ತಟ್ಟೆಗೆ ಬರುವ ಅಗ್ಗದ ಸಿಗಡಿಯ ಹಿಂದೆ ಈ ಕಣ್ಣೂ ಇದೆ.

ಸಿಗಡಿಗೆ ನೋವಾಗುತ್ತದೆಯೇ ಎಂದು ಪೂಶೆಯ ಕಾಲದಲ್ಲಿ ಕೇಳುವವರು ಕಡಿಮೆ. ಈಗ ಕಾಲ ಬದಲಾಗಿದೆ. 2022ರಲ್ಲಿ ಬ್ರಿಟನ್ ತನ್ನ ಪ್ರಾಣಿಕಲ್ಯಾಣ ಕಾಯ್ದೆಯಲ್ಲಿ ಸಿಗಡಿ, ಏಡಿ, ಲಾಬ್‌ಸ್ಟರುಗಳನ್ನು ಸಂವೇದನೆಯುಳ್ಳ ಜೀವಿಗಳೆಂದು ಒಪ್ಪಿಕೊಂಡಿತು. ತೊಟ್ಟು ಕತ್ತರಿಸದೆಯೇ ಮೊಟ್ಟೆ ಇಡಿಸುವ ವಿಧಾನಗಳೂ ಬಳಕೆಗೆ ಬರುತ್ತಿವೆ. ಬಣ್ಣದ ಗುಟ್ಟನ್ನು ನಮಗೆ ಕಣ್ಣು ಕೊಟ್ಟು ಕಲಿಸಿದ ಜೀವಿಗೆ ಅಷ್ಟು ಉಪಕಾರವಾದರೂ ಸಲ್ಲಬೇಡವೇ?

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು?

ಮೊದಲು, ಕಾಯಬೇಕು. ಚೀಲದಲ್ಲಿ ಕುಲುಕಾಡಿ ಬಂದ ಸಿಗಡಿ ಬಿಳಚಿಕೊಳ್ಳುವುದು ಸಹಜ. ಬಣ್ಣದ ಕಣಗಳು ಮುದುಡಿವೆ, ಅಷ್ಟೆ. ನೀರು ಒಗ್ಗಿ ಧೈರ್ಯ ಬಂದ ಮೇಲೆ ತಾವಾಗಿ ಹರಡುತ್ತವೆ. ಪೊರೆ ಕಳಚಿದ ಆಸುಪಾಸಿನಲ್ಲೂ ಮೈಬಣ್ಣ ಬೇರೆಯಾಗಿ ಕಾಣಬಹುದು. ತಳದಲ್ಲಿ ಗಟ್ಟಿಯಾಗಿ ಬಿದ್ದಿರುವ ಖಾಲಿ ಪೊರೆಯನ್ನು ಸತ್ತ ಸಿಗಡಿ ಎಂದು ತಿಳಿದು ಗಾಬರಿಯಾಗಬೇಡಿ. ಗಂಡುಗಳು ಹೆಣ್ಣಿಗಿಂತ ಮಂಕು ಎಂಬುದೂ ನೆನಪಿರಲಿ.

ಕಾಳಜಿ ಮಾಡಬೇಕಾದ ಬಿಳುಪು ಬೇರೆ ಇದೆ. ಪಾರದರ್ಶಕತೆ ಹೋಗಿ ಒಳಗಿನ ಮಾಂಸವೇ ಹಾಲಿನಂತೆ ಬೆಳ್ಳಗಾದರೆ ಅದು ವರ್ಣಕೋಶದ ಆಟವಲ್ಲ. ಸಿಗಡಿಯ ಜೀವಕ್ಕೇ ತೊಂದರೆ ಎಂದರ್ಥ. ಆಗಲೂ ಮೊದಲು ನೋಡಬೇಕಾದದ್ದು ನೀರನ್ನು, ಔಷಧಿಯ ಬಾಟಲಿಯನ್ನಲ್ಲ. ಮೀನಿನ ಹಲವು ಔಷಧಿಗಳಲ್ಲಿ ತಾಮ್ರವಿರುತ್ತದೆ. ಸಿಗಡಿಯ ರಕ್ತದಲ್ಲಿ ಪ್ರಾಣವಾಯು ಒಯ್ಯುವುದೂ ತಾಮ್ರವೇ, ಆದರೆ ನೀರಿನಲ್ಲಿ ಬೆರೆತ ತಾಮ್ರ ಅದಕ್ಕೆ ವಿಷ. ನಮ್ಮ ಮಹಾನಗರಗಳ ನಲ್ಲಿನೀರಿನ ಕ್ಲೋರಿನ್ನನ್ನು ಹೋಗಲಾಡಿಸದೆ ತೊಟ್ಟಿಗೆ ಸುರಿಯುವುದೂ ತಪ್ಪು.

ಸಾಕಿ ಸಾಕಾಯಿತೆಂದು ಕೆರೆಗೋ ನಾಲೆಗೋ ಬಿಡುವುದಂತೂ ಬೇಡವೇ ಬೇಡ. ಹವಾಯಿ, ಜರ್ಮನಿ, ಪೋಲೆಂಡ್‌ಗಳಲ್ಲಿ ಈ ಚೀನೀ ಸಿಗಡಿ ಹೊರಗಿನ ನೀರಿಗೆ ಸೇರಿ ಅಲ್ಲೇ ನೆಲೆಯೂರಿದೆ. ಮರಾಠವಾಡದಲ್ಲಿ ಅಭ್ಯಾಸ ಮಾಡಿದ ಕ್ಯಾರಿಡಿನಾದಂಥ ನಮ್ಮದೇ ಪುಟ್ಟ ಸಿಗಡಿಗಳು ಈ ನೆಲದ ನೀರಿನಲ್ಲಿವೆ. ಅವುಗಳ ಮನೆ ಅವುಗಳಿಗೇ ಇರಲಿ.

ಮಾತು ಬದಲಿಸುವ ಮನುಷ್ಯನನ್ನು ನಾವು ‘ಗೋಸುಂಬೆ’ ಎಂದು ಹಳಿಯುತ್ತೇವೆ. ಬಣ್ಣ ಬದಲಿಸುವುದೆಂದರೆ ನಮ್ಮ ಭಾಷೆಯಲ್ಲಿ ಮೋಸ. ಸಿಗಡಿಯ ವಿಷಯದಲ್ಲಿ ಅದು ತಲೆಕೆಳಗು. ಹೊತ್ತು ಯಾವುದು, ನೆಲ ಯಾವುದು, ಹೊಟ್ಟೆ ತುಂಬಿದೆಯೇ, ಹೆದರಿಕೆಯಾಗಿದೆಯೇ – ಎಲ್ಲವನ್ನೂ ಅದು ಮೈಮೇಲೆ ಬರೆದು ತೋರಿಸುತ್ತದೆ. ಓದಲು ಕಲಿತವರಿಗೆ ಅಷ್ಟು ಪ್ರಾಮಾಣಿಕವಾದ ಜೀವಿ ಇನ್ನೊಂದಿಲ್ಲ.